ಒಂದು ತಾಸು ಕಡಿಮೆಯಿದ್ದ ರಾತ್ರಿ

ಲಂಡನ್ನಿನ ದಕ್ಷಿಣದಂಚಿನ ಕ್ರೋಯ್ಡನ್ನಿನ ನಮ್ಮ ಕಚೇರಿಯಲ್ಲಿ, ನನ್ನ ಮೇಜಿನ ಎದುರಿನ ಗೋಡೆಗೆ, ನಾನೇ ಕೈಯಾರೆ ಬರೆದ ಒಂದು ಹಾಳೆಯನ್ನು ಅಂಟಿಸಿದ್ದೆ. ಯಾವ ದೇಶದ ಗಡಿಯಾರ ಗ್ರೀನಿಚ್‌ಗಿಂತ ಎಷ್ಟು ಮುಂದೆ, ಎಷ್ಟು ಹಿಂದೆ ಎಂಬ ಪಟ್ಟಿ ಅದು. ಭಾರತಕ್ಕೆ ಐದೂವರೆ ತಾಸು. ಆಗ ನಾವು ಹಿಡಿದಿದ್ದ ಕಡತದ ದೇಶಕ್ಕೆ ಎರಡು. ನೀಲಿ ಮಸಿ, ಕೆಂಪು ಅಡಿಗೆರೆ, ಅಳತೆಪಟ್ಟಿ ಇಟ್ಟು ಎಳೆದ ಚೌಕಗಳು. ಬಂದವರೆಲ್ಲ ಮೆಚ್ಚಿಕೊಂಡಿದ್ದರು. ಮುಂದೆ ಹೇಳಲಿರುವ ಪ್ರಕರಣದಲ್ಲಿ ಮೊದಲನೇ ಆರೋಪಿ ಆ ಹಾಳೆ, ಎರಡನೇ ಆರೋಪಿ ನಾನು.

ನಮ್ಮದು ಏಳು ಜನರ ಸಣ್ಣ ಸಂಸ್ಥೆ. ಒಂದು ದೇಶದ ಸೈನ್ಯ ಇನ್ನೊಂದರೊಳಕ್ಕೆ ನುಗ್ಗಿದಾಗ ಅಲ್ಲಿನ ಜನ ಫೋನಿನಲ್ಲಿ ಹಿಡಿದ ವಿಡಿಯೋಗಳು, ಬದುಕಿ ಬಂದವರ ಹೇಳಿಕೆಗಳು ನಮ್ಮಲ್ಲಿಗೆ ಬರುತ್ತವೆ. ಎಲ್ಲಿ ನಡೆಯಿತು, ಯಾವಾಗ ನಡೆಯಿತು ಎಂದು ತಾಳೆ ನೋಡಿ, ಕಡತ ಕಟ್ಟಿ, ಯುದ್ಧಾಪರಾಧಗಳ ತನಿಖಾಧಿಕಾರಿಗಳಿಗೆ ಕಳಿಸುವುದು ನಮ್ಮ ಕೆಲಸ. ಎಂದಾದರೂ ವಿಚಾರಣೆ ನಡೆದರೆ ಬೇಕಾದೀತು ಎಂಬುದು ಲೆಕ್ಕ. ‘ಎಂದಾದರೂ’ ಎಂಬ ಮಾತನ್ನು ನಮ್ಮ ಕಚೇರಿಯಲ್ಲಿ ಬೇರೆ ಕಚೇರಿಗಳವರು ‘ನಾಳೆ ಬನ್ನಿ’ ಅನ್ನುವಷ್ಟು ಸಲೀಸಾಗಿ ಬಳಸುತ್ತೇವೆ. ಗೋಪ್ಯತೆಯ ಕಾಗದಕ್ಕೆ ಸಹಿ ಹಾಕಿರುವುದರಿಂದ ಆ ದೇಶದ ಹೆಸರನ್ನು ಇಲ್ಲಿ ಬರೆಯುವಂತಿಲ್ಲ. ಓದುಗರು ಊಹಿಸಲು ಹೊರಟರೆ ಒಂದಕ್ಕಿಂತ ಹೆಚ್ಚು ಹೆಸರು ಹೊಳೆದೀತು, ಕಾಲ ಹಾಗಿದೆ.

ಧಾರವಾಡದ ಭೂಮಾಪನ ಕಚೇರಿಯಲ್ಲಿ ಕೋನ ಅಳೆಯಲು ಕಲಿತವನು ನಾನು. ಆ ಒಂದು ಅರ್ಹತೆಯ ಮೇಲೆ ಇಲ್ಲಿ ನನಗೆ ‘ನೆರಳಿನ ತಜ್ಞ’ ಎಂಬ ಬಿರುದು ದಯಪಾಲಿಸಲಾಗಿತ್ತು. ವಿಡಿಯೋದಲ್ಲಿ ಕಂಬದ ನೆರಳು ಬಿದ್ದ ದಿಕ್ಕನ್ನು ಅಳೆದು ಆಗ ಗಂಟೆ ಎಷ್ಟಾಗಿತ್ತು ಎಂದು ಹೇಳುವುದು ನನ್ನ ಪಾಲಿನ ಸೇವೆ.

ಕಡತ ಒಂದು ಸಣ್ಣ ಊರಿನ ಆಸ್ಪತ್ರೆಯದು. ಮಾರ್ಚ್ ಕೊನೆಯ ಒಂದು ಭಾನುವಾರ ಬೆಳಿಗ್ಗೆ ಅದರ ಹೆರಿಗೆ ವಿಭಾಗ ಕುಸಿದಿತ್ತು. ಗೇಟಿನ ಬಳಿ ಆಂಬುಲೆನ್ಸ್ ಸುಟ್ಟು, ಅದರ ಚಾಲಕನೂ ಸ್ಟ್ರೆಚರ್ ಹೊತ್ತಿದ್ದ ಇಬ್ಬರೂ ಸತ್ತಿದ್ದರು. ದಾಳಿ ಮಾಡಿದ ಸೈನ್ಯದ ಹೇಳಿಕೆ ಬಹಳ ಅಚ್ಚುಕಟ್ಟಾಗಿತ್ತು: ಗೇಟಿನಲ್ಲಿ ನಿಂತಿದ್ದ ವಾಹನದಲ್ಲಿ ಮದ್ದುಗುಂಡು ಇತ್ತು, ನಾವು ಹೊಡೆದದ್ದು ಅದನ್ನು ಮಾತ್ರ, ಅದು ಸಿಡಿದು ಕಟ್ಟಡಕ್ಕೆ ತಗುಲಿತು, ವಿಷಾದವಿದೆ. ಎಷ್ಟು ಗಂಟೆಗೆ ಎಂಬುದನ್ನು ಮಾತ್ರ ವಿಷಾದದ ಭರದಲ್ಲಿ ಮರೆತಿದ್ದರು.

ಹೆರಿಗೆ ವಾರ್ಡಿನ ನರ್ಸ್ ಒಬ್ಬಳ ಮಾತು ಬೇರೆ ಇತ್ತು. ಹತ್ತು ನಲವತ್ತಕ್ಕೆ ಮೊದಲ ಬಾಂಬು ಕಟ್ಟಡದ ಮೇಲೆ ಬಿತ್ತು. ಗಾಯಗೊಂಡವರನ್ನು ಹೊತ್ತು ತರುತ್ತಿರುವಾಗ, ಹನ್ನೊಂದಕ್ಕೆ, ಎರಡನೆಯದು ಆಂಬುಲೆನ್ಸಿನ ಮೇಲೆ ಬಿತ್ತು. ಈ ಇಪ್ಪತ್ತು ನಿಮಿಷಗಳಲ್ಲೇ ಇಡೀ ಕಡತ ಇತ್ತು. ಯುದ್ಧದ ಕಾನೂನಿನಲ್ಲಿ ಆಸ್ಪತ್ರೆಗೂ ಆಂಬುಲೆನ್ಸಿಗೂ ರಕ್ಷಣೆಯಿದೆ. ಮೊದಲು ಹೊಡೆದು, ರಕ್ಷಿಸಲು ಬಂದವರು ನೆರೆಯುವವರೆಗೆ ಕಾದು, ಮತ್ತೆ ಹೊಡೆದದ್ದು ನಿಜವಾದರೆ ‘ಗುರಿ ತಪ್ಪಿತು’ ಎಂಬ ಸಮಜಾಯಿಷಿ ನಿಲ್ಲುವುದಿಲ್ಲ. ಒಂದೇ ದಾಳಿ ಎಂದಾದರೆ ಸತ್ತ ಚಾಲಕ ಮದ್ದುಗುಂಡಿನ ಗಾಡಿ ಓಡಿಸಿದವನಾಗಿ ದಾಖಲೆಯಲ್ಲಿ ಉಳಿಯುತ್ತಾನೆ.

ಆ ನರ್ಸ್ ಈಗ ಲಂಡನ್ನಿನ ವಿಮಾನ ನಿಲ್ದಾಣದ ಪಕ್ಕದ ಹೇಸ್‌ನಲ್ಲಿದ್ದಳು. ಆಗಸ್ಟಿನಲ್ಲಿ ದುಭಾಷಿಯೊಂದಿಗೆ ಈಸ್ಟ್ ಕ್ರೋಯ್ಡನ್‌ನಿಂದ ಹೊರಟು ಫ್ಯಾರಿಂಗ್ಡನ್ನಿನಲ್ಲಿ ಎಲಿಜಬೆತ್ ಲೈನ್ ರೈಲು ಹಿಡಿದು ಹೋದೆ. ಒಂದಕ್ಕೊಂದು ಅಂಟಿದ ಬಾಡಿಗೆ ಮನೆಗಳ ಸಾಲು. ತಲೆಯ ಮೇಲೆ ಎರಡೆರಡು ನಿಮಿಷಕ್ಕೆ ಇಳಿಯುವ ವಿಮಾನ. ಪ್ರತಿ ವಿಮಾನಕ್ಕೂ ಅವಳು ಮಾತು ನಿಲ್ಲಿಸಿ ಕಿಟಕಿ ನೋಡುತ್ತಿದ್ದಳು. ಹತ್ತಿರದ ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುವ ಕೆಲಸವಂತೆ. ನಮಗೆಂದು ಸಕ್ಕರೆ ಧಾರಾಳವಾಗಿ ಸುರಿದ ಚಹಾ ತಂದಿಟ್ಟಳು. ಆ ಒಂದು ವಿಷಯದಲ್ಲಿ ನಮ್ಮ ನಾಡುಗಳು ಒಂದೇ.

ಹೇಳಿಕೆ ಪಡೆಯಲು ನಿಯಮಗಳಿವೆ. ಮೊದಲು ಸಾಕ್ಷಿ ಪೂರ್ತಿ ಹೇಳಬೇಕು, ನಡುವೆ ಬಾಯಿ ಹಾಕುವಂತಿಲ್ಲ. ಉತ್ತರವನ್ನು ಪ್ರಶ್ನೆಯಲ್ಲೇ ಅಡಗಿಸಿ ಕೇಳುವಂತಿಲ್ಲ. ನಮ್ಮ ಬಳಿ ಬೇರೆ ಏನು ಪುರಾವೆ ಇದೆ ಎಂದು ಬಾಯಿ ಬಿಡುವಂತಿಲ್ಲ. ಬಿಟ್ಟರೆ ಅವಳ ನೆನಪಿಗೆ ನಮ್ಮ ಮಾತು ಬೆರೆಯುತ್ತದೆ. ಕೊನೆಗೆ ಓದಿ ಹೇಳಿ ಪುಟಪುಟಕ್ಕೂ ಸಹಿ.

“ಆ ರಾತ್ರಿ ಪಾಳಿ ಒಂದು ಗಂಟೆ ಕಡಿಮೆ ಇತ್ತು,” ಎಂದು ಅವಳು ಶುರು ಮಾಡಿದಳು. “ಅದಕ್ಕೇ ವಾರ್ಡಿನಲ್ಲಿ ಎಲ್ಲರೂ ಖುಷಿಯಾಗಿದ್ದೆವು. ಬೆಳಿಗ್ಗೆ ಪಾಳಿ ಮುಗಿದ ಮೇಲೂ ನಾನು ಉಳಿದೆ. ಎರಡು ಹೆರಿಗೆ ಬಾಕಿ ಇದ್ದವು.”

ನಾನು ಅಂಚಿನಲ್ಲಿ ಗಂಭೀರವಾಗಿ ಬರೆದುಕೊಂಡೆ: ‘ರಾತ್ರಿ ಚಿಕ್ಕದೆನಿಸಿತು — ಭಾವನೆಯ ಮಾತು, ಸಮಯಕ್ಕೆ ಸಂಬಂಧಿಸಿದ್ದಲ್ಲ.’

ಅವಳು ಕಳಿಸಿದ್ದ ವಿಡಿಯೋ ಮೆಸೇಜಿನ ಮೂಲಕ ಬಂದಿತ್ತು. ಹಾಗೆ ಬಂದ ವಿಡಿಯೋ ತಾನು ಹುಟ್ಟಿದ ಗಳಿಗೆಯನ್ನು ದಾರಿಯಲ್ಲೇ ಕಳೆದುಕೊಂಡಿರುತ್ತದೆ. ಮೂಲ ಫೋನಿನಲ್ಲಿ ಮಾತ್ರ ಅದು ಉಳಿದಿರುತ್ತದೆ. ಧೂಳಿನಲ್ಲಿ ನೆರಳೂ ಇರಲಿಲ್ಲ.

“ನಿಮ್ಮ ಫೋನಿನಿಂದ ಪ್ರತಿ ತೆಗೆದುಕೊಳ್ಳಬಹುದೇ? ನಿಮ್ಮ ಕಣ್ಣೆದುರಿಗೇ,” ಎಂದೆ.

ಅವಳು ಮೇಜಿನ ಮೇಲಿದ್ದ ಫೋನನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು. “ಬೇಡ.”

“ಆ ದಿನದ್ದು ಮಾತ್ರ ಸಾಕು.”

“ಆ ದಿನದ್ದೇ ಬೇಡ ಅಂದೆ.”

ದುಭಾಷಿ ನನ್ನ ಮುಖ ನೋಡಿದಳು. ಒತ್ತಾಯ ಮಾಡುವಂತಿಲ್ಲ ಎಂಬುದೂ ನಿಯಮವೇ.

ಸೆಪ್ಟೆಂಬರಿನಲ್ಲಿ ಎರಡನೇ ಪುರಾವೆ ಬಂತು. ಆಸ್ಪತ್ರೆಯ ಎದುರಿನ ಔಷಧಿ ಅಂಗಡಿಯ ಕ್ಯಾಮೆರಾದ್ದು, ಆರೇ ನಿಮಿಷದ ತುಣುಕು. ಉಳಿದದ್ದು ಅಂಗಡಿಯೊಂದಿಗೇ ಸುಟ್ಟುಹೋಗಿತ್ತು. ಗೇಟು, ದೀಪದ ಕಂಬ, ನಿಂತ ಆಂಬುಲೆನ್ಸ್, ಸ್ಟ್ರೆಚರ್ ಹೊತ್ತ ಇಬ್ಬರು, ಆಮೇಲೆ ಬಿಳಿಯ ಹೊಳಪು, ಆಮೇಲೆ ಏನೂ ಇಲ್ಲ. ಹೆರಿಗೆ ವಿಭಾಗ ಚೌಕಟ್ಟಿನ ಹೊರಗೆ. ಮೂಲೆಯಲ್ಲಿ ಕ್ಯಾಮೆರಾದ ಗಡಿಯಾರ: ಹೊಳಪಿನ ಹೊತ್ತಿಗೆ ಸರಿಯಾಗಿ ಹತ್ತು ಗಂಟೆ.

ಹತ್ತು. ನರ್ಸ್ ಹೇಳಿದ ಮೊದಲ ದಾಳಿಗಿಂತ ನಲವತ್ತು ನಿಮಿಷ ಮುಂಚೆ. ಅಂದರೆ ಮೊದಲು ಸುಟ್ಟದ್ದು ಆಂಬುಲೆನ್ಸು. ಕಟ್ಟಡ ಕುಸಿದದ್ದು ಆಮೇಲೆ. ಸೈನ್ಯದ ಅಚ್ಚುಕಟ್ಟಾದ ಹೇಳಿಕೆಗೆ ಹೊಲಿದು ಕೊಟ್ಟಂತಿತ್ತು.

ಅಂಗಡಿಯ ಗಡಿಯಾರವನ್ನು ನಂಬುವವನು ನಾನಲ್ಲ. ಎರಡು ದಿನ ಕೂತು ಕಂಬದ ನೆರಳನ್ನು ಅಳೆದೆ. ಉಪಗ್ರಹ ಚಿತ್ರದಲ್ಲಿ ರಸ್ತೆಯ ದಿಕ್ಕು ಹಿಡಿದು, ಅದಕ್ಕೆ ನೆರಳು ಮಾಡಿದ ಕೋನ ತೆಗೆದು, ಆ ದಿನ ಆ ಊರಿನಲ್ಲಿ ಸೂರ್ಯ ಆ ದಿಕ್ಕಿಗೆ ಬರುವ ಹೊತ್ತು ಗ್ರೀನಿಚ್ ಲೆಕ್ಕದಲ್ಲಿ ಎಂಟು ಗಂಟೆ ಎಂದು ಕಂಡುಹಿಡಿದೆ. ಗೋಡೆಯ ಹಾಳೆ ನೋಡಿದೆ. ಎರಡು ಕೂಡಿಸಿದೆ. ಹತ್ತು! ಕಂಪ್ಯೂಟರನ್ನು ಕೇಳಿದ್ದರೆ ಎಲ್ಲವನ್ನೂ ಅದೇ ಹೇಳುತ್ತಿತ್ತು. ಆದರೆ ಕೈಲೆಕ್ಕ ಮಾಡಬಲ್ಲವನು ಯಂತ್ರವನ್ನು ಕೇಳುವುದು ನನಗೆ ಯಾವಾಗಲೂ ಸ್ವಲ್ಪ ಮರ್ಯಾದೆಗೇಡಿನ ಕೆಲಸ.

ನಮ್ಮಲ್ಲಿ ಒಬ್ಬರ ಲೆಕ್ಕವನ್ನು ಇನ್ನೊಬ್ಬರು ಸ್ವತಂತ್ರವಾಗಿ ಮಾಡಿ ನೋಡಬೇಕು. ನನ್ನ ಲೆಕ್ಕಕ್ಕೆ ನಿಯುಕ್ತಳಾದವಳು ಬೆಂಗಳೂರಿನ ಒಬ್ಬ ಹುಡುಗಿ. ಇಬ್ಬರೂ ಕನ್ನಡದವರು ಒಂದೇ ಕಡತಕ್ಕೆ ಸಿಕ್ಕಿದ್ದೇವೆಂದು ನಮಗೆ ಭಾರೀ ಸಂಭ್ರಮ.

“ಸರ್, ನನ್ಗೂ ಹತ್ತೇ ಬಂತು. ಎಕ್ಸಾಕ್ಟ್ ಆಗಿ ಹತ್ತು.”

“ಬರ್ಲಿಕ್ಕೇ ಬೇಕಲ್ಲ, ತಂಗಿ. ಸೂರ್ಯಗ ಅಪ್‌ಡೇಟ್ ಗಿಪ್‌ಡೇಟ್ ಬೇಕಾಗೂದಿಲ್ಲ.”

“ಟೈಮ್ ಡಿಫರೆನ್ಸ್ ನಿಮ್ಮ ಚಾರ್ಟ್ ನೋಡ್ಕೊಂಡೇ ಟೈಪ್ ಮಾಡ್ದೆ ಸರ್. ಎರಡು.”

“ಶಾಣ್ಯಾಕಿ,” ಎಂದು ಮೆಚ್ಚಿಕೊಂಡೆ.

ಗಡಿಯಾರ ಒಂದು, ನೆರಳು ಒಂದು, ಎರಡನೇ ಕಣ್ಣು ಒಂದು. ಮೂರೂ ಒಂದೇ ಮಾತು ಹೇಳಿದ ಮೇಲೆ ನಾನು ಹದಿನಾಲ್ಕನೇ ಪುಟದಲ್ಲಿ, ಸಂದೇಹಕ್ಕೆ ಜಾಗವಿಲ್ಲದ ದುಂಡಗಿನ ಅಕ್ಷರದಲ್ಲಿ ಬರೆದೆ: ‘ಸಮಯದ ವಿಷಯದಲ್ಲಿ ಸಾಕ್ಷಿಯ ನೆನಪು ವಿಶ್ವಾಸಾರ್ಹವಲ್ಲ. ಎರಡು ದಾಳಿಗಳ ಅನುಕ್ರಮ ಸಾಬೀತಾಗಿಲ್ಲ.’

ನಮ್ಮ ಮುಖ್ಯಸ್ಥೆ ಹಿಂದೆ ಸೈನ್ಯದಲ್ಲಿ ಕಾನೂನು ಸಲಹೆ ಕೊಡುತ್ತಿದ್ದ ಇಂಗ್ಲಿಷ್ ಹೆಂಗಸು. ಪುಟವನ್ನು ಎರಡು ಬಾರಿ ಓದಿದರು. “ಹಾಗಾದರೆ ನಾವು ಅವರ ವಕೀಲರ ಕೆಲಸವನ್ನು ಪುಕ್ಕಟೆ ಮಾಡಿಕೊಟ್ಟೆವು,” ಎಂದರು.

“ನೆರಳು ಯಾರ ಪಕ್ಷವನ್ನೂ ವಹಿಸುವುದಿಲ್ಲ, ಮೇಡಂ,” ಎಂದೆ. ಈ ಮಾತನ್ನು ಆಡುವಾಗ ಎದ್ದು ನಿಂತಿದ್ದೆನೆಂದು ನೆನಪು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಸಾಕ್ಷಿಗೆ ಅವಳ ಹೇಳಿಕೆಯ ಸ್ಥಿತಿಗತಿ ತಿಳಿಸಬೇಕೆಂಬ ನಿಯಮವಿದೆ. ಪತ್ರ ಹೋಯಿತು. ಮೂರು ದಿನಕ್ಕೆ ದುಭಾಷಿಯ ಮೂಲಕ ಫೋನು ಬಂತು. ಮೊದಲು ನರ್ಸಿನ ದನಿ ಕೇಳುವುದು, ಕ್ಷಣ ಬಿಟ್ಟು ದುಭಾಷಿಯ ದನಿ. ಬೈಗುಳವೂ ಎರಡೆರಡು ಬಾರಿ.

“ನಾನು ಅಲ್ಲಿದ್ದೆ. ನೀವು ಎಲ್ಲಿದ್ದಿರಿ?”

ಕ್ರೋಯ್ಡನ್‌ನಲ್ಲಿದ್ದೆ ಎಂಬುದು ಸತ್ಯವಾದ ಉತ್ತರ.

“ನಾನು ಗಂಟೆ ನೋಡಿದ್ದೆ. ಹೆರಿಗೆ ಮಾಡಿಸುವವಳು ಗಂಟೆ ನೋಡಿಯೇ ನೋಡುತ್ತಾಳೆ. ಮಗು ಹುಟ್ಟಿದ ಹೊತ್ತು ಬರೆಯಬೇಕಲ್ಲ. ಬರೆದುಕೊಳ್ಳಿ ಇದನ್ನೂ.”

ಬರೆದುಕೊಂಡೆ. ಕಡತದಲ್ಲಿ ಅವಳ ಹೇಳಿಕೆಗೆ ಕೊಟ್ಟಿದ್ದ ‘ವಿಶ್ವಾಸಾರ್ಹವಲ್ಲ’ ಎಂಬ ದರ್ಜೆ ಬದಲಾಗಲಿಲ್ಲ. ಕಡತ ತನಿಖಾಧಿಕಾರಿಗಳಿಗೆ ಹೋಯಿತು. ಇದಾದ ಮೇಲೆ ತಿಂಗಳಿಡೀ ಕಾರಣವಿಲ್ಲದೆ ರೇಗುತ್ತಿದ್ದೆ. ಲಿಫ್ಟ್ ಕೆಟ್ಟರೆ ರೇಗು, ಪಾಸ್‌ವರ್ಡ್ ಬದಲಿಸಿ ಅಂದರೆ ರೇಗು. ಅಷ್ಟು ಖಚಿತವಾದ ಲೆಕ್ಕ ಅಷ್ಟು ಸಿಟ್ಟಿನ ಹೆಂಗಸಿನ ಎದುರು ಯಾಕೆ ಇಷ್ಟು ಪೇಲವವಾಗಿ ಕಾಣುತ್ತದೆ ಎಂದು ತಿಳಿಯುತ್ತಿರಲಿಲ್ಲ.

ಅಕ್ಟೋಬರಿನ ಕೊನೆಯ ಭಾನುವಾರ ಬಂತು. ಇಲ್ಲಿ, ಬೇಸಿಗೆಯ ಸಂಜೆಗಳಿಗೆ ಹೆಚ್ಚು ಬೆಳಕು ಸಿಗಲೆಂದು, ವರ್ಷಕ್ಕೆರಡು ಬಾರಿ ಗಡಿಯಾರ ತಿರುಗಿಸುವ ಆಚರಣೆಯಿದೆ. ಮಾರ್ಚಿನಲ್ಲಿ ಒಂದು ತಾಸು ಮುಂದೆ, ಅಕ್ಟೋಬರಿನಲ್ಲಿ ಒಂದು ತಾಸು ಹಿಂದೆ. ನಮ್ಮ ಅಡುಗೆಮನೆಯ ಗಡಿಯಾರವನ್ನು ನಾನು ಎಂದೂ ತಿರುಗಿಸಿದವನಲ್ಲ. ಒಂದು ದೇಶಕ್ಕೆ ಒಂದು ಸಮಯ, ಅದು ಹುಟ್ಟಿದಲ್ಲಿಂದ ಹಾಗೇ ಇರತಕ್ಕದ್ದು ಎಂಬುದು ಐದೂವರೆಯ ನಾಡಿನಲ್ಲಿ ಹುಟ್ಟಿದವನ ಸಂಸ್ಕಾರ. ಬೇಸಿಗೆಯಲ್ಲಿ ಮನಸ್ಸಿನಲ್ಲೇ ಒಂದು ಕೂಡಿಸಿಕೊಂಡರಾಯಿತು.

ಹೆಂಡತಿ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ಅಂದು ಬೆಳಿಗ್ಗೆ ರಾತ್ರಿ ಪಾಳಿ ಮುಗಿಸಿ ಬಂದು ಕುರ್ಚಿಗೆ ಬಿದ್ದಳು.

“ನಿಮ್ಮ ಹಟಮಾರಿ ಗಡಿಯಾರ ಇವತ್ತಿಂದ ಖರೇ ಆತು ನೋಡ್ರಿ.”

“ನಾ ಹೇಳಿದ್ದಿಲ್ಲೇನು? ಮುಟ್ಟದ ಬಿಟ್ರ ತಾನ ಸರಿಹೋಗ್ತದ.”

“ನಿಮಗೇನ್ರಿ, ಮಲಕೊಂಡು ಎದ್ರಿ. ನನಗ ಹನ್ನೆರಡು ತಾಸಿನ ಪಾಳಿ ಹದಿಮೂರಾತು. ಒಂದು ಗಂಟಿ ಎರಡ ಸಲ ಬಂತು.”

“ಇರ್ಲಿ ಬಿಡು, ಸೇವಾ ಆತು.”

“ಸೇವಾ! ಮಾರ್ಚ್‌ದಾಗ ವಾಪಸ್ ಸಿಗ್ತದ ಅಂತ ಸುಮ್ನಿರ್ತೀವಿ. ಅವತ್ತ ರಾತ್ರಿ ಪಾಳಿ ಒಂದು ತಾಸು ಕಡಿಮಿ. ವಾರ್ಡಿನ್ಯಾಗ ಎಲ್ಲಾರೂ ಎಷ್ಟ ಖುಷಿಲೇ ಇರ್ತೀವಿ ಅಂತೀರಿ!”

ನಾನು ಅವಳಿಗೆ ಚಹಾ ಸೋಸುತ್ತಿದ್ದೆ. ಸೋಸುತ್ತಲೇ ಇದ್ದೆ. ಕಪ್ಪು ತುಂಬಿ, ಬಸಿ ತುಂಬಿ, ಕಟ್ಟೆಯ ಮೇಲೆ ಹರಿಯಿತು.

“ಅಲ್ರೀ, ಲಕ್ಷ್ಯ ಎಲ್ಲಿ ಇಟ್ಟೀರಿ?”

ಲಕ್ಷ್ಯ ಹೇಸ್‌ನಲ್ಲಿತ್ತು. ಮಾರ್ಚ್ ಕೊನೆಯ ಭಾನುವಾರ. ಒಂದು ಗಂಟೆ ಕಡಿಮೆಯಿದ್ದ ರಾತ್ರಿ ಪಾಳಿ. ಇಡೀ ಹೇಳಿಕೆಯಲ್ಲಿ ಸಮಯದ ಬಗ್ಗೆ ಅತ್ಯಂತ ನಿಖರವಾಗಿದ್ದ ಒಂದೇ ವಾಕ್ಯಕ್ಕೆ ನಾನು ‘ಭಾವನೆಯ ಮಾತು’ ಎಂದು ಷರಾ ಬರೆದಿದ್ದೆ. ಆ ದೇಶದಲ್ಲೂ ಅಂದೇ ಗಡಿಯಾರ ಮುಂದೆ ಹೋಗಿತ್ತು. ಅಂದು ಅದು ಗ್ರೀನಿಚ್‌ಗಿಂತ ಮುಂದಿದ್ದದ್ದು ಎರಡಲ್ಲ, ಮೂರು ತಾಸು.

ಕೂಡಲೇ ಟ್ರಾಮು ಹಿಡಿದು ಕಚೇರಿಗೆ ಹೋದೆ. ನನ್ನ ಕಾರ್ಡು ಭಾನುವಾರ ಬಾಗಿಲು ತೆರೆಯುವುದಿಲ್ಲವಂತೆ. ಕಾವಲುಗಾರ ಬಹಳ ಸಭ್ಯ ಮನುಷ್ಯ. ಅರ್ಧ ಗಂಟೆ ವಾದಿಸಿದರೂ ಅಷ್ಟೇ ಸಭ್ಯನಾಗಿ ಉಳಿದ. ಕಡತವನ್ನು ಮನೆಗೆ ಒಯ್ಯುವಂತಿಲ್ಲದ್ದರಿಂದ ನಾನು ಆ ದಿನವನ್ನೆಲ್ಲ, ಸರ್ಕಾರ ಹಿಂದಿರುಗಿಸಿದ ಒಂದು ತಾಸನ್ನೂ ಸೇರಿಸಿ, ಅಡುಗೆಮನೆಯ ಗಡಿಯಾರದ ಎದುರು ಕೂತು ಕಳೆದೆ.

ಸೋಮವಾರ ಲೆಕ್ಕ ಹಾಕಲು ನಾಲ್ಕು ನಿಮಿಷವೂ ಬೇಕಾಗಲಿಲ್ಲ. ನೆರಳು ಸರಿಯಾಗಿಯೇ ಇತ್ತು, ಗ್ರೀನಿಚ್ ಎಂಟು. ಅದಕ್ಕೆ ಮೂರು ಕೂಡಿಸಿದರೆ ಹನ್ನೊಂದು. ಎರಡನೇ ಬಾಂಬು ಹನ್ನೊಂದಕ್ಕೆ ಎಂದು ಅವಳು ಹೇಳಿದ್ದಳು. ಬೆಳಗಾದರೂ ಯಾರೂ ತಿರುಗಿಸದಿದ್ದ ಅಂಗಡಿಯ ಕ್ಯಾಮೆರಾ ಗಡಿಯಾರಕ್ಕೂ ನನ್ನ ಹಾಳೆಗೂ ಒಂದೇ ರೋಗ. ಎರಡು ರೋಗಿಗಳು ಒಂದೇ ಮಾತು ಆಡಿದ್ದನ್ನು ನಾನು ಎರಡು ಸಾಕ್ಷಿ ಎಂದು ಎಣಿಸಿದ್ದೆ. ಜಗತ್ತಿನ ಸಮಯ ಹುಟ್ಟುವ ಗ್ರೀನಿಚ್ ಅಷ್ಟು ದೂರವೂ ಇಲ್ಲ. ಇದೇ ಲಂಡನ್ನಿನಲ್ಲಿ ಕೂತು ಈ ಸಾಧನೆ.

ಬೆಂಗಳೂರಿನ ಹುಡುಗಿ ಬಿಳಚಿಕೊಂಡಳು. “ಅಯ್ಯೋ ಸರ್, ನಾನು ಇಂಡಿಪೆಂಡೆಂಟಾಗಿ ಚೆಕ್ ಮಾಡ್ಬೇಕಿತ್ತು. ಸಾಫ್ಟ್‌ವೇರು ಟೈಮ್ ಡಿಫರೆನ್ಸ್ ತಾನೇ ತಗೊಳ್ಳತ್ತೆ, ನಾನು ಅದನ್ನ ಆಫ್ ಮಾಡಿ ನಿಮ್ಮ ನಂಬರ್ ಹಾಕ್ದೆ.”

“ಯಾಕ ಹಾಕಿದಿ?”

“ಅಷ್ಟು ನೀಟಾಗಿ ಬರ್ದಿದ್ರಲ್ಲ ಸರ್.”

ಈ ದೇಶದಲ್ಲಿ ಹುಟ್ಟಿದ ಯಾವನೇ ಆಗಲಿ, ಆ ಹಾಳೆ ಹಿಡಿದು ಲೆಕ್ಕಕ್ಕೆ ಕೂತಿದ್ದರೆ ‘ಬೇಸಿಗೆಯದೋ ಚಳಿಗಾಲದದೋ?’ ಎಂದು ಕೇಳುತ್ತಿದ್ದ. ನಮ್ಮಲ್ಲಿ ಯಾರೂ ಕೇಳಲಿಲ್ಲ, ಯಾಕೆಂದರೆ ಲೆಕ್ಕ ಮಾಡಿದವನೂ ಪರೀಕ್ಷಿಸಿದವಳೂ ಐದೂವರೆಯವರು.

ಹೊಸ ಲೆಕ್ಕವನ್ನು, ಈ ಬಾರಿ ಆ ಹುಡುಗಿ ನನ್ನ ಹಾಳೆ ನೋಡದೆ ಬೇರೆ ಕೋಣೆಯಲ್ಲಿ ಕೂತು ಮಾಡಿದ್ದನ್ನು ಸೇರಿಸಿ, ದಿನಾಂಕ ಹಾಕಿ ಮುದ್ರೆ ಒತ್ತಿ ಇಟ್ಟೆವು. ನರ್ಸನ್ನು ಮತ್ತೆ ಕಾಣುವ ಮೊದಲೇ ಇದು ಮುಗಿದಿತ್ತು ಎಂಬುದಕ್ಕೆ ದಾಖಲೆ ಬೇಕಲ್ಲ. ಆಮೇಲೆ ಮುಖ್ಯಸ್ಥೆಯ ಕೋಣೆಗೆ ಹೋದೆ.

ಅವರು ಹಳೆಯ ಪುಟ ತೆರೆದು ಹೊಸ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದರು. “ಹೊಸ ಆವೃತ್ತಿ ಮಾಡಿ. ಹದಿನಾಲ್ಕನೇ ಪುಟ ಬದಲಿಸಿ. ಹಳೆಯದು ಹೇಗೂ ಸಿಸ್ಟಮ್ಮಿನೊಳಗೆ ಎಲ್ಲೋ ಇರುತ್ತದೆ.”

“ಎಲ್ಲೋ ಇರುವುದು ಬೇಡ ಮೇಡಂ. ಅದೇ ಪುಟದಲ್ಲೇ ಇರಬೇಕು.”

“ನಮ್ಮ ತಪ್ಪನ್ನು ನಾವೇ ಚೌಕಟ್ಟು ಹಾಕಿ ತೋರಿಸಿದರೆ ಎದುರಿನ ವಕೀಲ ಏನು ಹೇಳುತ್ತಾನೆ ಗೊತ್ತೇ? ಗಂಟೆ ಓದಲು ಬಾರದವರು ಕಟ್ಟಿದ ಕಡತ ಅನ್ನುತ್ತಾನೆ.”

“ಅನ್ನಲಿ. ನಾವು ಬಚ್ಚಿಟ್ಟು ಅವನೇ ಹುಡುಕಿದರೆ ಅದಕ್ಕಿಂತ ಕೆಟ್ಟದ್ದನ್ನು ಅಂದಾನು.”

ನಮ್ಮ ಭೂಮಾಪನ ಕಚೇರಿಯಲ್ಲಿ ರಬ್ಬರು ನಿಷಿದ್ಧ ವಸ್ತು. ಅಳತೆಯ ಪುಸ್ತಕದಲ್ಲಿ ತಪ್ಪು ಅಂಕಿ ಬಿದ್ದರೆ ಅಳಿಸುವಂತಿಲ್ಲ. ಹಳೆಯದು ಓದಲು ಬರುವಂತೆ ಮೇಲೆ ಒಂದೇ ಒಂದು ಗೆರೆ, ಪಕ್ಕದಲ್ಲಿ ಸರಿ ಅಂಕಿ, ಚಿಕ್ಕ ಸಹಿ, ತಾರೀಖು. ಯಾರದೋ ಹೊಲದ ಬದುವಿಗೆ ಸಲ್ಲುವ ಮರ್ಯಾದೆ ಸತ್ತ ಮನುಷ್ಯನ ಗಳಿಗೆಗೆ ಸಲ್ಲಬಾರದೇ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. “ಸರಿ. ಬರವಣಿಗೆಯಲ್ಲಿ ಕೊಡಿ.”

“ಇನ್ನೊಂದು. ಆ ಪುಟವನ್ನು ನಾನು ಅವಳಿಗೆ ತೋರಿಸಬೇಕು.”

“ಸಾಧ್ಯವಿಲ್ಲ. ಪುರಾವೆ ತೋರಿಸಿದರೆ ಸಾಕ್ಷಿ ಕೆಡುತ್ತದೆ.”

“ಪುರಾವೆ ತೋರಿಸುವುದಿಲ್ಲ. ನನ್ನ ಷರಾ ತೋರಿಸುತ್ತೇನೆ. ಅವಳ ನೆನಪು ವಿಶ್ವಾಸಾರ್ಹವಲ್ಲ ಎಂಬ ಸಾಲು, ಅದರ ಮೇಲಿನ ಗೆರೆ, ನನ್ನ ಸಹಿ. ಅಷ್ಟೇ.”

ಇದಕ್ಕೆ ಒಪ್ಪಿಸಲು ಎರಡು ವಾರ, ಮೂರು ಮೆಮೊ, ಹೊರಗಿನ ವಕೀಲರೊಬ್ಬರ ಅಭಿಪ್ರಾಯ ಬೇಕಾದವು. ಕೊನೆಗೆ, ಆಡಿದ ಪ್ರತಿ ಮಾತನ್ನೂ ಧ್ವನಿಮುದ್ರಿಸಬೇಕೆಂಬ ಷರತ್ತಿನ ಮೇಲೆ ಅಪ್ಪಣೆಯಾಯಿತು.

ನವೆಂಬರಿನಲ್ಲಿ ಮತ್ತೆ ಹೇಸ್. ಈ ಬಾರಿ ದುಭಾಷಿಯೊಂದಿಗೆ ಬೆಂಗಳೂರಿನ ಹುಡುಗಿಯೂ ಇದ್ದಳು, ಫೋನಿನಿಂದ ಪ್ರತಿ ತೆಗೆಯುವ ಯಂತ್ರವನ್ನು ಬ್ಯಾಗಿನಲ್ಲಿ ಹೊತ್ತು. ನರ್ಸ್ ಬಾಗಿಲು ತೆರೆದಳು, ಕೂತುಕೊಳ್ಳಿ ಅನ್ನಲಿಲ್ಲ. ಚಹಾವೂ ಬರಲಿಲ್ಲ. ನಾನು ನಿಂತೇ ಪುಟವನ್ನು ಮೇಜಿನ ಮೇಲಿಟ್ಟೆ. ದುಭಾಷಿ ಓದಿ ಹೇಳಿದಳು: ಮೊದಲು ನಾನು ಗೆರೆ ಎಳೆದಿದ್ದ ಸಾಲು, ಆಮೇಲೆ ಪಕ್ಕದಲ್ಲಿ ಬರೆದದ್ದು: ‘ಸಮಯದ ಲೆಕ್ಕದಲ್ಲಿ ತಪ್ಪು ಪರಿಶೀಲಕನದು, ಸಾಕ್ಷಿಯದಲ್ಲ.’

“ಇದು ಯಾರ ಸಹಿ?” ಎಂದು ನರ್ಸ್ ಕೇಳಿದಳು.

“ನನ್ನದು.”

“ತಪ್ಪನ್ನು ಯಾಕೆ ಉಳಿಸಿದಿರಿ? ಅಳಿಸಿ ಬೇರೆ ಹಾಳೆ ಹಾಕಬಹುದಿತ್ತಲ್ಲ.”

“ಅಳಿಸಿದರೆ ನಿಮ್ಮ ಬಗ್ಗೆ ಹಾಗೆ ಬರೆದಿದ್ದೆ ಎಂಬುದೂ ಅಳಿಸಿಹೋಗುತ್ತದೆ. ನಮ್ಮ ಊರ ಕಚೇರಿಯಲ್ಲಿ ಹಾಗೆ ಮಾಡುವ ರೂಢಿಯಿಲ್ಲ.”

ಅವಳು ಆ ಗೆರೆಯ ಮೇಲೆ ಬೆರಳಾಡಿಸಿದಳು. ವಿಮಾನವೊಂದು ಹೋಯಿತು. ಕಿಟಕಿ ನೋಡಲಿಲ್ಲ. ಎದ್ದು ಒಳಗೆ ಹೋಗಿ ಫೋನು ತಂದು, ಅದನ್ನು ಬೆಂಗಳೂರಿನ ಹುಡುಗಿಯ ಕೈಗೆ ಕೊಡದೆ, ತಾನೇ ತೆರೆದು ಒಂದು ಮೆಸೇಜು ತೋರಿಸಿದಳು.

“ಚಾಲಕನ ಪಾಳಿ ಹತ್ತಕ್ಕೆ ಮುಗಿಯಬೇಕಿತ್ತು,” ಎಂದಳು. “ಬದಲಿ ಚಾಲಕ ಬ್ರೆಡ್ಡಿನ ಸಾಲಿನಲ್ಲಿ ನಿಂತಿದ್ದ. ತಡವಾಗುತ್ತೆ, ಅವನು ಸಿಟ್ಟಾಗಿದ್ದಾನಾ ಅಂತ ನನಗೆ ಬರೆದ. ನಮ್ಮ ಚಾಲಕ ಕೈಗಡಿಯಾರ ನೋಡುವ ಮನುಷ್ಯ, ಅವನ ಅಪ್ಪನದು. ರಾತ್ರಿಯೆಲ್ಲ ಗಾಡಿ ಓಡಿಸುತ್ತಿದ್ದ, ಗಂಟೆ ಮುಂದೆ ಹೋಗಿದ್ದೇ ಅವನಿಗೆ ಗೊತ್ತಿಲ್ಲ. ಅವನ ಗಡಿಯಾರದಲ್ಲಿ ಇನ್ನೂ ಒಂಬತ್ತು ಗಂಟೆ ಹತ್ತು ನಿಮಿಷ. ಗಾಡಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದ.”

ಅದಕ್ಕೆ ಅವಳು ಕೊಟ್ಟ ಉತ್ತರವನ್ನು ದುಭಾಷಿ ಓದಿದಳು. ಆ ಊರಿನ ಹೊಸ ಸಮಯದಲ್ಲಿ ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಕಳಿಸಿದ್ದು. ‘ಗಡಿಬಿಡಿ ಬೇಡ. ನಮ್ಮ ಮಹಾರಾಯ ಗಡಿಯಾರ ತಿರುಗಿಸಿಲ್ಲ, ಗೇಟಿನಲ್ಲೇ ಕೂತಿದ್ದಾನೆ. ನಾನು ಹೇಳಲ್ಲ.’ ಅದರ ಮುಂದೆ ನಗುವ ಮುಖಗಳು, ಮೂರು.

“ಹೇಳಿದ್ದರೆ ಹೋಗುತ್ತಿದ್ದ,” ಎಂದಳು. “ಮನೆ ಹತ್ತಿರವೇ.”

ಬೆಂಗಳೂರಿನ ಹುಡುಗಿ ಬ್ಯಾಗಿನ ಜಿಪ್ಪನ್ನು ಅರ್ಧಕ್ಕೆ ಬಿಟ್ಟು ನಿಂತಿದ್ದಳು.

ನನ್ನೊಳಗಿನ ನೆರಳಿನ ತಜ್ಞ ನಾಚಿಕೆಯಿಲ್ಲದ ಪ್ರಾಣಿ. ಆ ಹೊತ್ತಿನಲ್ಲೂ ಲೆಕ್ಕ ಹಾಕಿದ. ಹತ್ತು ಹನ್ನೆರಡಕ್ಕೆ ಆಂಬುಲೆನ್ಸು ಗೇಟಿನಲ್ಲಿ ಇಡಿಯಾಗಿ ನಿಂತಿದೆ. ಒಳಗೆ ಮದ್ದುಗುಂಡು ಕಾಯುವವನಲ್ಲ, ಪಾಳಿ ಮುಗಿಯಲೆಂದು ಕಾಯುತ್ತಿರುವ ಚಾಲಕ. ಹತ್ತಕ್ಕೆ ಅದು ಸುಟ್ಟಿರಲು ಸಾಧ್ಯವಿಲ್ಲ. ಇಷ್ಟು ದಿನ ಅವಳು ಮಡಿಲಲ್ಲಿ ಬಚ್ಚಿಟ್ಟುಕೊಂಡಿದ್ದ ಮೆಸೇಜೇ ಆ ಚಾಲಕನ ಹೆಸರು ಉಳಿಸುವಂಥದು.

ಕೂತೆ. ಅಪ್ಪಣೆ ಕೇಳಲಿಲ್ಲ. “ಇದನ್ನು ಪ್ರತಿ ತೆಗೆದರೆ ನ್ಯಾಯಾಲಯದಲ್ಲಿ ಎಲ್ಲರೂ ಓದುತ್ತಾರೆ. ನಗುವ ಮುಖಗಳನ್ನೂ. ಬೇಡವೆಂದರೆ ಈಗಲೂ ಬೇಡ.”

“ನೀವು ನಿಮ್ಮದನ್ನು ಅಳಿಸಲಿಲ್ಲವಲ್ಲ,” ಎಂದಳು. “ತೆಗೆದುಕೊಳ್ಳಿ.”

ಪ್ರತಿ ತೆಗೆಯಲು ನಲವತ್ತು ನಿಮಿಷ ಹಿಡಿಯಿತು. ಪ್ರತಿಯೊಂದು ಫೈಲಿಗೂ ಬೆರಳಚ್ಚಿನಂಥ ಒಂದು ಉದ್ದನೆಯ ಸಂಖ್ಯೆ ಬರುತ್ತದೆ. ಆಮೇಲೆ ಒಂದು ಚುಕ್ಕಿ ಬದಲಾದರೂ ಸಂಖ್ಯೆ ಬೇರೆಯಾಗುತ್ತದೆ. ಹುಡುಗಿ ಒಂದೊಂದನ್ನೂ ಗಟ್ಟಿಯಾಗಿ ಓದಿದಳು, ನಾನು ಬರೆದೆ. ಮೂಲ ವಿಡಿಯೋ ಸಿಕ್ಕಿತು: ಹತ್ತು ನಲವತ್ತಮೂರು. ಧೂಳಿನ ನಡುವೆ ಆಂಬುಲೆನ್ಸಿನ ಬಾಗಿಲು ತೆರೆದು ಚಾಲಕ ಕಟ್ಟಡದ ಕಡೆ ಓಡುತ್ತಿದ್ದಾನೆ. ಎರಡನೇ ಹೇಳಿಕೆಯ ಕೊನೆಯಲ್ಲಿ, ಗಡಿಯಾರದ ಸಂಗತಿಯನ್ನು ಬರೆಯಲೇಬೇಕೆಂದು ಅವಳು ಹಟ ಹಿಡಿದಳು. ‘ನಾನು ಹೇಳಲಿಲ್ಲ’ ಎಂಬ ಮಾತು ಕಾನೂನಿಗೆ ಅಗತ್ಯವಿಲ್ಲ ಎಂದೆ.

“ಕಾನೂನಿಗೆ ಅಂತ ಹೇಳಿದೆನಾ ನಾನು?” ಎಂದಳು. ಬರೆದೆ. ಪುಟಪುಟಕ್ಕೂ ಸಹಿ ಹಾಕಿದಳು. ಆಮೇಲೆ ಚಹಾ ಬಂತು.

ಇಲ್ಲಿಗೆ ಮುಗಿಯಿತೆಂದು ತಿಳಿದರೆ ತನಿಖಾ ಕಚೇರಿಗಳ ಪರಿಚಯ ನಿಮಗಿಲ್ಲವೆಂದಾಯಿತು. ತಿದ್ದಿದ ಕಡತ ಕಳಿಸಿದ ವಾರಕ್ಕೆ ಉತ್ತರ: ಹದಿನಾಲ್ಕನೇ ಪುಟದಲ್ಲಿ ಗೀಚಿದ ಗುರುತುಗಳಿವೆ, ಸ್ವಚ್ಛ ಪ್ರತಿ ಕಳಿಸಿ. ಗೀಚಿದ್ದಲ್ಲ, ತಿದ್ದುಪಡಿ ಎಂದು ಬರೆದೆವು. ಕೈಬರಹವನ್ನು ತಮ್ಮ ಸಿಸ್ಟಮ್ ಓದುವುದಿಲ್ಲ ಎಂದರು. ಟೈಪು ಮಾಡಿದ ವಿವರಣೆಯನ್ನು ಲಗತ್ತಿಸಿದೆವು. ಲಗತ್ತಿಗೆ ಪುಟಸಂಖ್ಯೆ ಇಲ್ಲ ಎಂದರು. ಬೇಸಿಗೆ ಸಮಯದ ಬಗ್ಗೆ ಆ ದೇಶದ ಸರ್ಕಾರಿ ಪ್ರಕಟಣೆಯ ದೃಢೀಕೃತ ಅನುವಾದ ಕೇಳಿದರು. ಅದನ್ನು ನಾನು ಅನ್ಯಾಯ ಎನ್ನಲಾರೆ. ಮುಖ್ಯಸ್ಥೆ ಒಂದೊಂದು ಉತ್ತರವನ್ನೂ ನನ್ನ ಮೇಜಿನ ಮೇಲಿಟ್ಟು, “ನಿಮ್ಮ ಗೆರೆ,” ಎಂದಷ್ಟೇ ಹೇಳಿ ಹೋಗುತ್ತಿದ್ದರು.

ಫೆಬ್ರವರಿಯಲ್ಲಿ ಎರಡು ಸಾಲಿನ ಪತ್ರ ಬಂತು. ಘಟನೆಯನ್ನು ‘ಎರಡು ಪ್ರತ್ಯೇಕ ದಾಳಿಗಳು, ಎರಡನೆಯದು ವೈದ್ಯಕೀಯ ವಾಹನ ಮತ್ತು ರಕ್ಷಣೆಗೆ ಬಂದವರ ಮೇಲೆ’ ಎಂಬ ಶೀರ್ಷಿಕೆಯಡಿ ದಾಖಲಿಸಲಾಗಿದೆ. ಸಾಕ್ಷಿಯ ದರ್ಜೆ ಬದಲಿಸಲಾಗಿದೆ. ವಿಚಾರಣೆ ಎಂದಾದರೂ ನಡೆದರೆ ತಿಳಿಸಲಾಗುವುದು. ದುಭಾಷಿ ಅದನ್ನು ಫೋನಿನಲ್ಲಿ ಓದಿ ಹೇಳಿದಾಗ ನರ್ಸ್ ಕೇಳಿದ್ದು ಒಂದೇ: ಅವನು ಚಾಲಕ ಅಂತ ಬರೆದಿದ್ದಾರಾ? ಬರೆದಿದ್ದಾರೆ ಎಂದೆವು.

ಗೋಡೆಯ ಹಾಳೆ ಈಗಲೂ ಅಲ್ಲೇ ಇದೆ. ಆ ದೇಶದ ಎದುರಿನ ‘ಎರಡು’ ಎಂಬುದರ ಮೇಲೆ ಒಂದು ಗೆರೆ, ಪಕ್ಕದಲ್ಲಿ ‘ಯಾವ ತಿಂಗಳು ಎಂದು ಮೊದಲು ಕೇಳತಕ್ಕದ್ದು’, ಕೆಳಗೆ ಎರಡು ಸಹಿ. ಒಂದು ನನ್ನದು, ಒಂದು ಬೆಂಗಳೂರಿನದು.

ಮಾರ್ಚ್ ಕೊನೆಯ ಭಾನುವಾರ ಬೆಳಿಗ್ಗೆ ಹೆಂಡತಿ ಪಾಳಿ ಮುಗಿಸಿ ನಗುತ್ತಾ ಬಂದಳು. ನಾನು ಅಡುಗೆಮನೆಯಲ್ಲಿ ಸ್ಟೂಲು ಎಳೆಯುತ್ತಿದ್ದೆ.

“ಏನ್ ನಡಸೀರಿ?”

“ನಿಮ್ಮ ಆಂಬುಲೆನ್ಸಿನವರಿಗೆಲ್ಲಾ ಟೈಮ್ ಬದಲಾಗಿದ್ದು ಗೊತ್ತಿತ್ತೇನು?”

“ಗೊತ್ತಿರದ ಏನ್ರಿ? ಯಾಕ?”

“ಸುಮ್ನ ಕೇಳಿದೆ,” ಎಂದು ಸ್ಟೂಲು ಹತ್ತಿ, ಮುಳ್ಳು ತಿರುಗಿಸಲು ಗಡಿಯಾರ ಕೆಳಗಿಳಿಸಿದೆ.